ಬೆಂಕಿ ಆರಿದ ಮೇಲೆ ಹೋದವರು

ಸೈಂಟ್ ಮೇರೀಸ್ ದ್ವೀಪ ನೋಡಿ, ಮಲ್ಪೆಯಲ್ಲಿ ಬೋಟು ಇಳಿದು ಮೀನಿನ ಹೋಟೆಲಿಗೆ ಬಂದು ಕೂತಿದ್ದೆವು. ಬಂಗುಡೆ ಫ್ರೈಗೆ ಹೇಳಿ ಆಗಿತ್ತು. ಬೆಂಗಳೂರಿನ ಗಿರೀಶ ಮಾತ್ರ ಮುಖ ಊದಿಸಿಕೊಂಡಿದ್ದ.

"ಜ್ವಾಲಾಮುಖಿ ಜಾಗ ಅಂತ ಕರ್ಕೊಂಡು ಬಂದ್ರಲ್ಲ ಗುರು, ಒಂದು ಬೆಂಕಿಕಡ್ಡಿಯಷ್ಟು ಬಿಸಿ ಇರಲಿಲ್ಲ."

"ಇಲ್ದೆ ಎಂತ ಮಾರಾಯ? ಕಲ್ಲಿನ ಮೇಲೆ ಚಪ್ಪಲಿ ಬಿಚ್ಚಿ ಕುಣಿದದ್ದು ಯಾರು?" ಎಂದ ಉದಯ. ಅವನು ಇಲ್ಲಿಯವನೇ.

"ಅದು ಬಿಸಿಲಿನ ಬಿಸಿ ಕಣೋ, ಲಾವಾದ್ದಲ್ಲ!"

ಶೋಭಾ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಾಳೆ. ರಜೆಯಲ್ಲೂ ಬಿಡುವುದಿಲ್ಲ. "ಬೆಂಕಿ ಇತ್ತು ಗಿರೀಶಾ. ನೀನು ಬಂದದ್ದು ಸ್ವಲ್ಪ ಲೇಟು. ಸುಮಾರು 8.8 ಕೋಟಿ ವರ್ಷ."

"ಬೆಳಿಗ್ಗೆ ಮೊದಲನೇ ಬೋಟಿಗೇ ಏಳದವನು ಇವನು," ಎಂದೆ ನಾನು.

ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಜನ ಎರಡು ಥರ. ಬೋಟಿನ ಡಿಜೆ ಹಾಡಿಗೆ ಕುಣಿಯಲು ಹೋಗುವವರು ಒಂದು ಥರ, ಫೋಟೊಗೆ ಹೋಗುವವರು ಇನ್ನೊಂದು. ಕಲ್ಲು ನೋಡಲು ಹೋಗುವವರು ಶೋಭಾ ಒಬ್ಬಳೇ ಇರಬೇಕು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಅಲ್ಲಿ ಬರೆದು ಹಾಕಿದ್ದಾರೆ. ಜನ ಅದಕ್ಕೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆಯುತ್ತಾರೆ. ಅಕ್ಷರವಂತೂ ಫೋಟೊದಲ್ಲಿ ಉಲ್ಟಾ ಬರುತ್ತದೆ.

"ದಖನ್ ಪ್ರಸ್ಥಭೂಮಿಯ ಲಾವಾ ಹರಿದು ಬಂದು ಇಲ್ಲಿ ನಿಂತದ್ದಲ್ವಾ?" ಎಂದು ಉದಯ ಒಂದು ಕಲ್ಲು ಎಸೆದು ನೋಡಿದ.

"ಅಲ್ಲ. ಅದು 6.6 ಕೋಟಿ ವರ್ಷದ್ದು. ಇದು ಅದಕ್ಕಿಂತ ಎರಡು ಕೋಟಿ ವರ್ಷ ಹಿರಿಯದು. ಆಗ ನಾವು ಮತ್ತು ಮಡಗಾಸ್ಕರ್ ಒಂದೇ ನೆಲ. ಬೇರೆಯಾಗುವಾಗ ನೆಲ ಸೀಳಿತು, ಒಳಗಿಂದ ಲಾವಾ ಮೇಲೆ ಬಂತು."

"ಅಂದ್ರೆ ಅಣ್ಣ ತಮ್ಮ ಪಾಲಾದದ್ದು," ಎಂದ ಉದಯ. "ನೋಡು, ಪಾಲು ಆಗುವಾಗ ಜಗಳ ಇಲ್ಲದೆ ಇರುವುದಿಲ್ಲ."

"ಅನ್ಯಾಯದ ಪಾಲು ಕಣೋ," ಗಿರೀಶನಿಗೆ ಈಗ ಹುರುಪು ಬಂತು. "ಅವರಿಗೆ ಅಷ್ಟು ದೊಡ್ಡ ದ್ವೀಪ. ನಮಗೆ ಬೇಗ ಬೇಗ ನಡೆದರೆ ಅರ್ಧ ಗಂಟೆಯಲ್ಲಿ ಮುಗಿಯುವ ದ್ವೀಪ."

"ಇಡೀ ಇಂಡಿಯಾ ನಮ್ಮ ಪಾಲಿಗೇ ಬಂದದ್ದಲ್ವಾ ಮಾರಾಯ? ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾ?"

ಗಿರೀಶ ಉಪ್ಪಿನಕಾಯಿ ನೆಕ್ಕಿ ಸುಮ್ಮನಾದ.

ಅವನು ಏನೇ ಹೇಳಲಿ, ಆ ಕಂಬಗಳ ಹತ್ತಿರ ಮಂಡಿಯೂರಿ ಕೂತದ್ದು ಅವನೇ. ಕಡು ಬೂದು ಬಣ್ಣದ ಕಲ್ಲಿನ ಕಂಬಗಳು, ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಎತ್ತರದವು ಹತ್ತಿರ ಹತ್ತಿರ 6 ಮೀಟರ್. ಕೆಲವು ನೆಟ್ಟಗಿವೆ, ಕೆಲವು ವಾಲಿವೆ. ಗಿರೀಶ ಒಂದರ ನೆತ್ತಿಯ ಮೇಲೆ ಬೆರಳಿಟ್ಟು ಮೂಲೆ ಎಣಿಸಿದ. ಆರು. ಪಕ್ಕದ್ದಕ್ಕೆ ಐದು. ಇನ್ನೊಂದರ ಲೆಕ್ಕ ಅರ್ಧಕ್ಕೆ ಬಂದಾಗ ಸಂದಿನಿಂದ ಒಂದು ಪುಟಾಣಿ ಏಡಿ ಹೊರಗೆ ಬಂದು ಅವನ ಬೆರಳು ನೋಡಿತು. ಲೆಕ್ಕ ಅಲ್ಲಿಗೇ ನಿಂತಿತು.

"ಯಾರು ಕೆತ್ತಿದ್ದು ಇದನ್ನ? ಇಷ್ಟು ನೀಟಾಗಿದೆ?" ಎಂದು ಆಗ ಕೇಳಿದ್ದ.

"ಯಾರೂ ಕೆತ್ತಿಲ್ಲ. ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ. ಕುಗ್ಗಿದರೆ ಬಿರುಕು ಬೀಳುತ್ತದೆ. ತಣ್ಣಗಾಗುತ್ತಾ ಹೋದ ಹಾಗೆ ಬಿರುಕು ಒಳಗೆ ಒಳಗೆ ಇಳಿಯುತ್ತದೆ. ಕೊನೆಗೆ ಉಳಿಯುವುದು ಕಂಬ," ಎಂದು ಶೋಭಾ ಹೇಳುವ ಹೊತ್ತಿಗೆ ಗಿರೀಶ ಕಂಬ ಹತ್ತಿ ಪೋಸು ಕೊಡುತ್ತಿದ್ದ. ಕಾವಲಿನವನು ಜೋರಾಗಿ ಸೀಟಿ ಊದಿದ. ಇಳಿಯುವ ವೇಗದಲ್ಲಿ ಏಡಿಯೂ ಅವನನ್ನು ಸೋಲಿಸುತ್ತಿರಲಿಲ್ಲ.

"1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಅಂತ ಕತೆ ಇದೆ," ಎಂದೆ ನಾನು, ಮಾತು ಬದಲಿಸಲು.

"ಅವನೂ ಜ್ವಾಲಾಮುಖಿ ಅಂತ ನಂಬಿ ಬಂದ್ನಾ?"

"ಅವನು ಬಂದದ್ದು ಕಾಳುಮೆಣಸಿಗೆ. ಬುದ್ಧಿವಂತ," ಎಂದ ಉದಯ.

ಬಂಗುಡೆ ಬಂತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮುಳ್ಳು ಬಿಡಿಸುತ್ತಾ ಗಿರೀಶ ಮತ್ತೆ ಶುರು ಮಾಡಿದ. "ಆದ್ರೂ ನನಗೆ ನಿಜವಾದ ಹೊಗೆ ನೋಡಬೇಕು ಗುರು. ನಮ್ಮ ದೇಶದಲ್ಲೇ ಇಲ್ವಾ?"

"ಇದೆ. ಅಂಡಮಾನಿನಲ್ಲಿ ಬ್ಯಾರನ್ ದ್ವೀಪ," ಎಂದಳು ಶೋಭಾ. "ನಮ್ಮಲ್ಲಿ ಎಚ್ಚರವಾಗಿರುವುದು ಅದೊಂದೇ. ನೂರಕ್ಕೂ ಜಾಸ್ತಿ ವರ್ಷ ಮಲಗಿದ್ದು 1991ರಲ್ಲಿ ಎದ್ದಿತು. ಆಮೇಲೆ ಆಗಾಗ ಬೂದಿ, ಲಾವಾ ಕಾರುತ್ತಾ ಇದೆ. ಈಗ ಶ್ರೀ ವಿಜಯಪುರಂ ಅನ್ನುವ ಪೋರ್ಟ್ ಬ್ಲೇರಿನಿಂದ ಸುಮಾರು 140 ಕಿ.ಮೀ. ಸಮುದ್ರ."

"ಬುಕ್ ಮಾಡಿ! ಮುಂದಿನ ರಜೆ ಅಲ್ಲೇ!"

"ಟೂರಿಸ್ಟುಗಳನ್ನು ಇಳಿಯಲು ಬಿಡುವುದಿಲ್ಲ. ದೂರದಿಂದ ಹಡಗಿನಲ್ಲೇ ನಿಂತು ನೋಡಬೇಕು."

"ಅಂದ್ರೆ ಬೆಂಕಿ ಇರುವ ಕಡೆ ಇಳಿಯುವ ಹಾಗಿಲ್ಲ. ಇಳಿಯುವ ಕಡೆ ಬೆಂಕಿ ಇಲ್ಲ," ಗಿರೀಶ ತಟ್ಟೆ ದೂಡಿದ.

"ನನ್ನ ಕೇಳಿದರೆ ಇದೇ ಸರಿ," ಎಂದೆ. "ಸೀಟಿಗೇ ಹೆದರಿ ಓಡಿದವನು ಲಾವಾ ಬಂದರೆ ಏನು ಮಾಡ್ತೀಯ?"

"ಅಲ್ಲಿ ಯಾರೂ ಇರೋದೇ ಇಲ್ವಾ?"

"ಮನುಷ್ಯರಿಲ್ಲ. ಆಡುಗಳಿವೆ. ಹಿಂದೆ ಯಾವುದೋ ಹಡಗಿನವರು ಬಿಟ್ಟು ಹೋದವಂತೆ. ಬೂದಿ ಬಿದ್ದರೂ ಬದುಕಿಕೊಂಡಿವೆ."

ಗಿರೀಶ ಕೈಯಲ್ಲಿದ್ದ ಬಂಗುಡೆಯನ್ನು ಹಾಗೇ ಹಿಡಿದು ಕೇಳಿದ, "ಆಡಿಗೆ ಪರ್ಮಿಷನ್ ಕೊಟ್ಟೋರು ಯಾರು?"