ಏರ್‌ಕೂಲ್ಡ್ ಹಳೇ ಕಾರು ಸಾಕಿದವರಿದ್ದೀರಾ? ಬೆಳಗಾವಿಯವರು ಹೇಳಿದ ಅನುಭವ

ಪ್ರಶ್ನೆ

ನಮಸ್ಕಾರ. ನನಗೆ ವಯಸ್ಸು 33. ಮಚ್ಛೆಯಲ್ಲಿ ಸಣ್ಣ ಮಷೀನ್ ಶಾಪ್ ಇದೆ. ಎರಡು ವರ್ಷದ ಹಿಂದೆ ಕೆಲಸದ ಮೇಲೆ ಜರ್ಮನಿಗೆ ಹೋದಾಗ ಸ್ಟುಟ್‌ಗಾರ್ಟ್‌ನ ಪೋರ್ಷೆ ಮ್ಯೂಸಿಯಂ ನೋಡಿದೆ. ಒಳಗಿನ ಕಾರುಗಳಿಗಿಂತ ನೆನಪಿನಲ್ಲಿ ಉಳಿದದ್ದು ಹೊರಗೆ ಬಂದಾಗ ಸಿಗ್ನಲ್‌ನಿಂದ ಹೊರಟ ಒಂದು ಹಳೇ ಪೋರ್ಷೆ 911 ಕಾರು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅಂಥ ಕಾರು ನನ್ನ ಕೈಗೆ ಸದ್ಯಕ್ಕೆ ಎಟುಕುವುದಿಲ್ಲ, ಗೊತ್ತು. ಆದರೆ ಗೋವಾದ ಮಡಗಾಂವ್‌ನಲ್ಲಿ 1968ರ ಫೋಕ್ಸ್‌ವ್ಯಾಗನ್ ಬೀಟಲ್ ಒಂದು ಮಾರಾಟಕ್ಕಿದೆ. ಏಳು ಲಕ್ಷ ಹೇಳುತ್ತಿದ್ದಾರೆ. ಅದೂ ಏರ್‌ಕೂಲ್ಡ್ (ನೀರಿಲ್ಲದೆ ಗಾಳಿಯಿಂದಲೇ ತಣಿಯುವಂಥದ್ದು), ಎಂಜಿನ್ ಹಿಂದೆ. ಮನೆಯಲ್ಲಿ ಕಾಕಾ "ಆನೆ ಸಾಕಲಿಕ್ಕೆ ಹೊರಟಿದ್ದೀಯಾ?" ಅಂತ ಕೇಳುತ್ತಿದ್ದಾರೆ. ಹಣ ಎಷ್ಟು ಹೋಗುತ್ತದೆ, ಬೆಳಗಾವಿಯ ಮಳೆಗೆ ಇದು ತಡೆಯುತ್ತದಾ, ಬೀಟಲ್ ತಗೊಳ್ಳೋದಾ ಅಥವಾ 911ಕ್ಕೇ ಕಾಯೋದಾ? ಸ್ವಂತ ಅನುಭವ ಇದ್ದವರು ದಯವಿಟ್ಟು ಹೇಳಿ.

ಟಿಳಕವಾಡಿಯಿಂದ

ತಮ್ಮಾ, ನನ್ನ ಹತ್ತಿರ 1967ರ ಬೀಟಲ್ ಇದೆ. 2013ರಲ್ಲಿ ಮೂರೂವರೆ ಲಕ್ಷಕ್ಕೆ ತಂದೆ. ಇಲ್ಲಿಯವರೆಗೆ ಅದರ ಮೇಲೆ ಹಾಕಿದ್ದು ಆರು ಲಕ್ಷ ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ಎರಡು ವರ್ಷದಲ್ಲೇ ಹೋಯಿತು. ಕಾರಣ ಎಂಜಿನ್ ಅಲ್ಲ, ಜಂಗು.

ನೋಡುವಾಗ ಕಾರು ಫಳಫಳ ಹೊಳೆಯುತ್ತಿತ್ತು. ಪೇಂಟ್ ನೋಡಿ ಮನಸೋತೆ. ಮನೆಗೆ ತಂದು ಒಂದು ವಾರದ ಮೇಲೆ ಹಿಂದಿನ ಸೀಟು ಎತ್ತಿದೆ. ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಆ ಸೀಟಿನ ಕೆಳಗೆ. ಆಸಿಡ್ ಸೋರಿ ಸೋರಿ ಕೆಳಗಿನ ತಗಡು ಹಪ್ಪಳ ಆಗಿತ್ತು. ಸ್ಕ್ರೂಡ್ರೈವರ್ ತಾಗಿಸಿದೆ, ಅದು ಸೀದಾ ಕೆಳಗಿನ ಫರ್ಶಿಗೆ ಬಡಿಯಿತು. ಎರಡೂ ಕಡೆಯ ಫ್ಲೋರ್ ಬದಲಾಯಿಸಬೇಕಾಯಿತು. ಬಾಗಿಲ ಕೆಳಗಿನ ಪಟ್ಟಿಯೂ ಹೋಗಿತ್ತು. ಎಂಜಿನ್ನಿನ ಬಿಸಿಗಾಳಿ ಒಳಗೆ ಬರುವುದೇ ಆ ಪಟ್ಟಿಯೊಳಗಿಂದ. ಹಾಗಾಗಿ ಅದು ಒಳಗಿನಿಂದಲೇ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಗೋವಾದ ಕಾರು ಅಂದರೆ ಸಮುದ್ರದ ಗಾಳಿ ತಿಂದ ಕಾರು. ಪೇಂಟ್ ಆಮೇಲೆ ನೋಡಿ, ಮೊದಲು ಸೀಟು ಎತ್ತಿ.

ಈಗ ಓಡಿಸುವ ಮಾತು. ಈ ಕಾರಿನಲ್ಲಿ ರೇಡಿಯೇಟರ್ ಇಲ್ಲ, ನೀರಿಲ್ಲ, ಟೆಂಪರೇಚರ್ ಮುಳ್ಳೂ ಇಲ್ಲ. ಡೈನಮೋ ತಿರುಗಿಸುವ ಬೆಲ್ಟೇ ತಣಿಸುವ ಫ್ಯಾನನ್ನೂ ತಿರುಗಿಸುತ್ತದೆ. ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿದರೆ ಬೆಲ್ಟ್ ಹೋಗಿರಬಹುದು. ಬೆಲ್ಟ್ ಹೋದರೆ ಗಾಳಿಯೂ ಬಂದ್. ಬೇರೆ ಕಾರಿನಲ್ಲಿ ಆ ದೀಪ ಕಂಡರೆ ಮನೆಗೆ ಹೋಗಿ ನೋಡೋಣ ಅನ್ನಬಹುದು. ಇದರಲ್ಲಿ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಡಿಕ್ಕಿಯಲ್ಲಿ ಒಂದು ಬೆಲ್ಟ್, ಒಂದು ಪಾನಾ ಯಾವಾಗಲೂ ಇರಲಿ.

ಇದನ್ನು ನಾನು ಕಲಿತದ್ದು ಚೋರ್ಲಾ ಘಾಟಿನಲ್ಲಿ, ಏಪ್ರಿಲ್ ಬಿಸಿಲಲ್ಲಿ. ಬೆಲ್ಟ್ ಸರಿಯಾಗಿಯೇ ಇತ್ತು. ಆದರೆ ನಾನು ಎಂಜಿನ್ನಿಗೆ ಶ್ರಮ ಬೇಡ ಅಂತ ಮೂರನೇ ಗೇರಿನಲ್ಲೇ ಎಳೆಸುತ್ತಾ ಘಾಟು ಹತ್ತುತ್ತಿದ್ದೆ. ಮೇಲೆ ಬರುವಷ್ಟರಲ್ಲಿ ಕಾದ ಎಣ್ಣೆಯ ವಾಸನೆ, ಎಂಜಿನ್ನಿಗೆ ಬಲವೇ ಇಲ್ಲ. ಆಮೇಲೆ ತಿಳಿಯಿತು: ಎಂಜಿನ್ ನಿಧಾನ ತಿರುಗಿದರೆ ಫ್ಯಾನೂ ನಿಧಾನ, ಗಾಳಿಯೂ ಕಡಿಮೆ. ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ ಎಂಜಿನ್ ಚುರುಕಾಗಿ ತಿರುಗುವ ಹಾಗೆ ನೋಡಿಕೊಂಡರೆ ಅದು ತಂಪಾಗಿರುತ್ತದೆ. ನಾನು ಉಪಕಾರ ಅಂದುಕೊಂಡು ಅದರ ಜೀವ ಹಿಂಡಿದ್ದೆ. ಇವತ್ತಿಗೂ ಆ ದಿನ ನೆನೆದರೆ ಬೇಜಾರಾಗುತ್ತದೆ.

ಇನ್ನು ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ, ಭಾನುವಾರದ ಬೆಳಗಿಗಾಗಿ. ರಾತ್ರಿಯಿಡೀ ನಿಂತು ಎಂಜಿನ್ ಪೂರ್ತಿ ತಣ್ಣಗಾಗಿರುತ್ತದೆ. ಚಾಪೆ ಹಾಸಿ ಹಿಂದೆ ಮಲಗುತ್ತೇನೆ. ವಾಲ್ವ್ ಕವರ್ ಹಿಡಿದಿರುವುದು ಒಂದೇ ಒಂದು ತಂತಿ ಕ್ಲಿಪ್, ಬೆರಳಲ್ಲಿ ಕೆಳಗೆ ಒತ್ತಿದರೆ ಬಿಚ್ಚುತ್ತದೆ. ಪುಲ್ಲಿ ತಿರುಗಿಸಿ ಗುರುತು ಕೂಡಿಸಿ, ವಾಲ್ವ್ ಗ್ಯಾಪ್ ನೋಡಲು 0.15 ಮಿಲಿಮೀಟರಿನ ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿ) ತೂರಿಸುತ್ತೇನೆ. ದಪ್ಪ ಪುಸ್ತಕದ ಕೆಳಗಿಂದ ಕಾಗದ ಎಳೆದ ಹಾಗೆ ಸ್ವಲ್ಪ ಹಿಡಿದು ಬರಬೇಕು. ಎಂಟು ವಾಲ್ವ್, ಒಂದು ಗಂಟೆ, ನಡುವೆ ಒಂದು ಚಹಾ. ಆಮೇಲೆ ಚಾಲೂ ಮಾಡಿದಾಗ ಟಿಕಟಿಕ ಅನ್ನುವ ಸದ್ದು ಒಂದೇ ಸಮನೆ ಬರುತ್ತದಲ್ಲ, ಆ ಸಂತೋಷ ಹೊಸ ಕಾರು ನನಗೆ ಕೊಟ್ಟಿಲ್ಲ.

ಉದ್ಯಮಬಾಗದಿಂದ

ನಾನು ಎಂಜಿನ್ ಕೆಲಸ ಮಾಡುವವನು. ಲೇಥ್, ಬೋರಿಂಗ್ ಎಲ್ಲಾ ಇದೆ. ಬೀಟಲ್ ಎಂಜಿನ್ ಐದಾರು ಬಿಚ್ಚಿದ್ದೇನೆ.

ಮೇಲಿನವರು ಹೇಳಿದ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್ ಗ್ಯಾಪ್ ಸರಿಮಾಡುವುದು) ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೂರನೇ ಸಿಲಿಂಡರ್ ಮೇಲೆ ಕಣ್ಣಿಡಿ. 1970ರವರೆಗಿನ ಬೀಟಲ್‌ಗಳಲ್ಲಿ ಆಯಿಲ್ ಕೂಲರ್ ಫ್ಯಾನ್ ಹೌಸಿಂಗ್ ಒಳಗೇ ಕೂತಿರುತ್ತದೆ. ಮೂರನೇ ಸಿಲಿಂಡರಿಗೆ ಹೋಗುವ ಗಾಳಿಗೆ ಅದು ಅಡ್ಡ. ಹಾಗಾಗಿ ಆ ಸಿಲಿಂಡರ್ ಎಲ್ಲಕ್ಕಿಂತ ಬಿಸಿ. ಪ್ರತಿ ಸಲ ಅದರ ಎಕ್ಸಾಸ್ಟ್ ವಾಲ್ವ್ ಗ್ಯಾಪ್ ಕಡಿಮೆ ಆಗಿ ಸಿಗುತ್ತಿದ್ದರೆ ವಾಲ್ವ್ ಹಿಗ್ಗುತ್ತಿದೆ ಅಥವಾ ಹೆಡ್ಡಿನಲ್ಲಿ ಅದು ಕೂರುವ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಅಂತ ಅರ್ಥ. ಸುಮ್ನೆ ಸಡಿಲ ಮಾಡಿ ಮುಂದೆ ಹೋಗಬೇಡಿ, ಹೆಡ್ ಬಿಚ್ಚಿಸಿ. ವಾಲ್ವ್ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಎಂಜಿನ್ನೇ ಹೋಯಿತು.

ಎಂಜಿನ್ ಸುತ್ತ ತಗಡಿನ ಹೊದಿಕೆ, ರಬ್ಬರ್ ಪಟ್ಟಿ ಇರುತ್ತದೆ. ಅದನ್ನು ಬಿಚ್ಚಿ ಮೂಲೆಗೆ ಎಸೆದ ಮಿಸ್ತ್ರಿಗಳನ್ನು ನೋಡಿದ್ದೇನೆ. ಗಾಳಿ ಆಡಲಿ ಅಂತ ಅವರ ಲೆಕ್ಕ. ಆದರೆ ಮೇಲಿನ ತಣ್ಣನೆ ಗಾಳಿ ಮತ್ತು ಕೆಳಗಿನ ಬಿಸಿಗಾಳಿ ಬೇರೆ ಮಾಡುವುದೇ ಆ ಹೊದಿಕೆ. ಅದಿಲ್ಲದಿದ್ದರೆ ಫ್ಯಾನ್ ಕಾದ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಪೆಟ್ರೋಲ್ ಪೈಪಿನ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಒತ್ತಿ ಹೇಳುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಹಳೇ ರಬ್ಬರ್ ಅದಕ್ಕೆ ಬಾಳುವುದಿಲ್ಲ, ಮೆತ್ತಗಾಗಿ ಬಿರಿಯುತ್ತದೆ. ಬೀಟಲ್‌ನಲ್ಲಿ ಪೈಪ್ ಇರುವುದು ಬಿಸಿ ಎಂಜಿನ್ ಮೇಲೆ, ಡಿಸ್ಟ್ರಿಬ್ಯೂಟರ್ ಪಕ್ಕ. ಹನಿ ಬಿದ್ದರೆ ಬೆಂಕಿ. ಅದರ ಕ್ರ್ಯಾಂಕ್‌ಕೇಸ್ ಮ್ಯಾಗ್ನೀಸಿಯಂ ಮಿಶ್ರಲೋಹದ್ದು. ಅದು ಹೊತ್ತಿಕೊಂಡರೆ ನೀರು ಹಾಕುವ ಹಾಗೂ ಇಲ್ಲ, ಹಾಕಿದರೆ ಇನ್ನೂ ಸಿಡಿಯುತ್ತದೆ. ಕಾರು ತಂದ ದಿನವೇ ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಥನಾಲ್‌ಗೆ ತಾಳುವ ಹೊಸ ಪೈಪ್, ಹೊಸ ಕ್ಲಿಪ್ ಹಾಕಿಸಿ. ಒಂದೆರಡು ಸಾವಿರದ ಕೆಲಸ. ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಸೀಟಿನ ಹತ್ತಿರ ಇಡಿ, ಪೈಪಿನಿಂದ ಬೆಂಕಿ ಶುರುವಾದ ಕ್ಷಣಕ್ಕೇ ಅದು ಕೈಗೆ ಸಿಗಬೇಕು.

ಬೆಳಗಾವಿಯಲ್ಲಿದ್ದೀರಿ ಅನ್ನುವುದು ನಿಮ್ಮ ಭಾಗ್ಯ. ಬುಷ್, ಶಿಮ್, ಪುಲ್ಲಿ, ಸ್ಟಡ್ ಎಲ್ಲಾ ಇಲ್ಲೇ ತಿರುಗಿಸಬಹುದು. ಫೌಂಡ್ರಿ ಇದೆ, ಗ್ರೈಂಡಿಂಗ್ ಇದೆ, ಅಳತೆ ಗೊತ್ತಿರುವ ಜನ ಇದ್ದಾರೆ. ನಿಮ್ಮದೇ ಮಷೀನ್ ಶಾಪ್ ಇದೆ ಅಂದಮೇಲೆ ಕೇಳಬೇಕಾ? ಆದರೆ ಪಿಸ್ಟನ್ ಸಿಲಿಂಡರ್ ಸೆಟ್, ಬೇರಿಂಗ್, ಗ್ಯಾಸ್ಕೆಟ್ ಹೊರಗಿಂದಲೇ ತರಿಸಿ. ಅದರಲ್ಲಿ ಜುಗಾಡ್ ಬೇಡ.

ಹನುಮಾನ್ ನಗರದಿಂದ

ನಾನು ಜರ್ಮನಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಅಲ್ಲಿ 1982ರ 911 ಎಸ್‌ಸಿ ಇಟ್ಟುಕೊಂಡಿದ್ದೆ. ಹಾಗಾಗಿ ನಿಮ್ಮ ಕಿವಿಯಲ್ಲಿರುವ ಸದ್ದು ಯಾವುದು ಅಂತ ನನಗೆ ಚೆನ್ನಾಗಿ ಗೊತ್ತು.

3 ಲೀಟರ್, ಆರು ಸಿಲಿಂಡರ್, 204 ಅಶ್ವಶಕ್ತಿ. ಹೊಸ ಕಾರುಗಳ ಮುಂದೆ ಅದೇನು ದೊಡ್ಡದಲ್ಲ. ಆದರೆ ಕಾರಿನ ತೂಕ 1,200 ಕಿಲೋ ಒಳಗೆ. ಸ್ಟೇರಿಂಗ್‌ಗೆ ಪವರ್ ಇಲ್ಲ, ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ಬರುತ್ತದೆ. ಎಂಜಿನ್ ಹಿಂಚಕ್ರಕ್ಕಿಂತ ಹಿಂದೆ ಇರುವುದರಿಂದ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಸುತ್ತಿಕೊಂಡು ಬರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಆಮೇಲೆ ಕಾಲು ಹಗುರವಾಗಿ ಒತ್ತಿಯೇ ಇರಬೇಕು. ಮೊದಲ ವರ್ಷ ಮಳೆಯಲ್ಲಿ ನಾನು ಅದನ್ನು ಹೊರಗೆ ತೆಗೆಯಲೇ ಇಲ್ಲ.

ಗಾಳಿಯಿಂದ ತಣಿಯುತ್ತದೆ ಅನ್ನುತ್ತಾರೆ, ನಿಜವಾಗಿ ಅರ್ಧ ಕೆಲಸ ಮಾಡುವುದು ಎಣ್ಣೆ. ಬೀಟಲ್‌ಗೆ ಎರಡೂವರೆ ಲೀಟರ್ ಆಯಿಲ್ ಸಾಕು. ಇದಕ್ಕೆ ಆಯಿಲ್ ಬದಲಿಸಿದರೆ ಹತ್ತು ಲೀಟರಿನ ಆಸುಪಾಸು. ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ಅಳತೆ ನೋಡಬೇಕಾದರೂ ಎಂಜಿನ್ ಪೂರ್ತಿ ಬಿಸಿಯಾಗಿ, ಸಮತಟ್ಟು ಜಾಗದಲ್ಲಿ ಚಾಲೂ ಇರಬೇಕು. ಒಬ್ಬ ಗೆಳೆಯ ತಣ್ಣಗಿದ್ದಾಗ ನೋಡಿ, ಕಡಿಮೆ ಇದೆ ಅಂತ ಎರಡು ಲೀಟರ್ ಹೆಚ್ಚು ಸುರಿದ. ಏರ್ ಫಿಲ್ಟರ್ ತುಂಬಾ ಎಣ್ಣೆ.

ಖರ್ಚು ಕೇಳಿದಿರಿ. ಅಲ್ಲಿ 30 ವರ್ಷ ದಾಟಿದ ಕಾರಿಗೆ ನಂಬರ್ ಪ್ಲೇಟಿನ ಕೊನೆಗೆ 'ಎಚ್' ಅಕ್ಷರ ಸಿಗುತ್ತದೆ, ತೆರಿಗೆ ವರ್ಷಕ್ಕೆ ಸುಮಾರು 192 ಯೂರೋ ಮಾತ್ರ. ವಿಮೆಯೂ ಅಗ್ಗ. ನಾಲ್ಕು ವರ್ಷ ಏನೂ ಆಗಲಿಲ್ಲ. ಐದನೇ ವರ್ಷ ಟ್ಯಾಪೆಟ್ ನೋಡಲು ಕವರ್ ತೆಗೆದಾಗ ಒಳಗಿಂದ ತುಂಡಾದ ಒಂದು ನಟ್ಟು ಉರುಳಿತು. ಹೆಡ್ ಸ್ಟಡ್ (ಸಿಲಿಂಡರ್ ಹೆಡ್ ಬಿಗಿದಿಡುವ ಉದ್ದ ಬೋಲ್ಟ್) ಮುರಿದಿತ್ತು. ಎಸ್‌ಸಿ ಕಾರುಗಳಿಗೆ ಇದು ಹೆಸರಾದ ಕಾಯಿಲೆ. ಒಂದು ಸ್ಟಡ್‌ಗಾಗಿ ಎಂಜಿನ್ ಕೆಳಗೆ ಇಳಿಸಬೇಕು. ಇಳಿಸಿದ ಮೇಲೆ ಚೈನ್ ಟೆನ್ಷನರ್, ವಾಲ್ವ್ ಗೈಡ್, ಸೀಲ್, ಎಲ್ಲಾ ಮಾಡಿಸಿಯೇ ಬಿಡೋಣ ಅನಿಸುತ್ತದೆ. ಬಿಲ್ಲು 14,000 ಯೂರೋ ಮುಟ್ಟಿತು. ನನ್ನ ಹೆಂಡತಿ ಆ ಕಾಗದವನ್ನು ಎರಡು ಸಲ ಓದಿ, ಏನೂ ಅನ್ನದೆ ಮಡಚಿಟ್ಟಳು. ಆ ವರ್ಷ ನಾವು ಊರಿಗೆ ಬರಲಿಲ್ಲ.

ಊರಿಗೆ ಹಿಂತಿರುಗುವಾಗ ಕಾರು ತರಬೇಕು ಅಂತ ಬಹಳ ಓಡಾಡಿದೆ, ಆಗಲಿಲ್ಲ. ಹಳೇ ಕಾರು ಆಮದಿಗೆ ನಮ್ಮಲ್ಲಿ ಸಾಮಾನ್ಯ ನಿಯಮ ಮೂರು ವರ್ಷದ ಒಳಗಿನದ್ದು ಅಂತ. 50 ವರ್ಷ ದಾಟಿದವುಗಳಿಗೆ 2025ರಲ್ಲಿ ದಾರಿ ಬಿಟ್ಟರು, ಆದರೂ ಸುಂಕ, ತೆರಿಗೆ ಸೇರಿದರೆ ಕಾರಿನ ಬೆಲೆಗಿಂತ ಜಾಸ್ತಿ ಆಗುತ್ತದೆ. ನನ್ನ 1982ರ ಕಾರಿಗೆ 2032 ಬರಬೇಕು. ಮಾರಿ ಬಂದೆ. ಏರ್‌ಕೂಲ್ಡ್ 911 ತಯಾರಾದದ್ದು 1964ರಿಂದ 1998ರವರೆಗೆ ಮಾತ್ರ. ಹೊಗೆ, ಸದ್ದಿನ ಕಾನೂನು ಬಿಗಿಯಾದ ಮೇಲೆ ನೀರಿನಿಂದ ತಣಿಸುವ ಎಂಜಿನ್ನಿಗೆ ಹೋದರು. ಇನ್ನು ಹೊಸದು ಹುಟ್ಟುವುದಿಲ್ಲ, ಬೆಲೆ ಏರುತ್ತಲೇ ಇದೆ. ಕಾದರೆ ಅಗ್ಗ ಆಗುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಬೀಟಲ್ ತಗೊಳ್ಳಿ. ಸಮಾಧಾನಕ್ಕೆ ಹೇಳುತ್ತಿಲ್ಲ. ಬೀಟಲ್ ರೂಪಿಸಿದ ಫರ್ಡಿನೆಂಡ್ ಪೋರ್ಷೆಯ ಮಗ ಫೆರಿ, 1948ರಲ್ಲಿ ಮೊದಲ ಪೋರ್ಷೆ 356 ಕಾರು ಕಟ್ಟಿದ್ದು ಬೀಟಲ್‌ನ ಎಂಜಿನ್ ಇಟ್ಟೇ. 911ರ ಆಕಾರ ಬರೆದದ್ದು ಫರ್ಡಿನೆಂಡ್‌ರ ಮೊಮ್ಮಗ. ಬೀಟಲ್ ಎಂಜಿನ್ ಕಿವಿಯಿಂದ ಓದಲು ಕಲಿತವನಿಗೆ 911 ಹೊಸ ಭಾಷೆ ಅನಿಸುವುದಿಲ್ಲ.

ಶಹಾಪುರದಿಂದ

ಅಣ್ಣಾ, ಕಾಗದಪತ್ರದ ಬಗ್ಗೆ ನಾನು ಹೇಳಬಲ್ಲೆ. ಅಪ್ಪ ತೀರಿಕೊಂಡ ಮೇಲೆ ಅವರ ಬೀಟಲ್ ನನ್ನ ಹೆಸರಿಗೆ ಮಾಡಿಸಲು ಒಂದು ವರ್ಷ ಓಡಾಡಿದ್ದೇನೆ. ನಿಮ್ಮದು ಗೋವಾ ನೋಂದಣಿ, ಅಲ್ವಾ? ಎನ್‌ಒಸಿ ತಂದು ಇಲ್ಲಿ ಕೆಎ-22ಗೆ ಬದಲಿಸಬೇಕು. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ಹೊಂದುತ್ತದಾ ನೋಡಿ. ಹಳೇ ಕಾರುಗಳಿಗೆ ಎಂಜಿನ್ ಬದಲಾಗಿರುತ್ತದೆ, ಆರ್‌ಸಿಯಲ್ಲಿ ಬದಲಾಗಿರುವುದಿಲ್ಲ. ನನಗೆ ಒಂದು ವರ್ಷ ಹಿಡಿದದ್ದು ಅದಕ್ಕೇ.

2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ನಂಬರಿನಲ್ಲಿ 'ವಿಎ' ಬರುತ್ತದೆ. ಕೇಳಲು ಚಂದ. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ ಮತ್ತು ಪೆಟ್ರೋಲ್ ಹಾಕಿಸುವುದಕ್ಕೆ ಬಿಟ್ಟರೆ ರಸ್ತೆಗೆ ತರುವ ಹಾಗಿಲ್ಲ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಕಿತ್ತೂರಿಗೆ ಹೋಗಿಬರಬೇಕು ಅಂತಿದ್ದರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿ ಉಳಿಸಿಕೊಳ್ಳಿ.

ಅಪ್ಪನ ಒಂದು ನೋಟ್‌ಬುಕ್ ಇದೆ. ಪ್ರತಿ 5,000 ಕಿಲೋಮೀಟರಿಗೆ ಒಂದು ಸಾಲು: ಆಯಿಲ್, ಟ್ಯಾಪೆಟ್, ಬೆಲ್ಟ್, ದಿನಾಂಕ. ನಡುವೆ ಒಂದು ಕಡೆ ನಾನು ಹುಟ್ಟಿದ ದಿನವೂ ಇದೆ, ಆಸ್ಪತ್ರೆಯಿಂದ ಮನೆಗೆ ಕರೆತಂದ ಮೀಟರ್ ರೀಡಿಂಗ್ ಜೊತೆಗೆ. ಮಡಗಾಂವ್‌ನವರ ಹತ್ತಿರ ಅಂಥ ಪುಸ್ತಕ ಇದೆಯಾ ಕೇಳಿ. ಇದ್ದರೆ ಐವತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಕಾಕಾ ಕೂಡ ಪಕ್ಕದಲ್ಲಿ ಕೂತು ಎಲ್ಲಾ ಓದಿಸಿಕೊಂಡರು. ಜರ್ಮನಿಯ ಬಿಲ್ಲು ಕೇಳಿ ಗಾಬರಿಯಾದರು, ನೋಟ್‌ಬುಕ್ಕಿನ ಮಾತಿಗೆ ಸುಮ್ಮನಾದರು. ಭಾನುವಾರ ಬೆಳಿಗ್ಗೆ ಐದಕ್ಕೆ ಮಡಗಾಂವ್‌ಗೆ ಹೊರಡುತ್ತಿದ್ದೇವೆ. ಏಳು ಲಕ್ಷ ಅಲ್ಲ, ಐದೂವರೆಗೆ ಕೇಳಿ, ಉಳಿದದ್ದನ್ನು ಫ್ಲೋರಿಗೆ ಎತ್ತಿಡೋಣ ಅಂತ ಲೆಕ್ಕ. ಉದ್ಯಮಬಾಗದ ಸರ್, ಜೊತೆಗೆ ಬರುತ್ತೀರಾ?

ಉದ್ಯಮಬಾಗದಿಂದ

ಬರುತ್ತೇನೆ. ಟಾರ್ಚ್, ಸ್ಕ್ರೂಡ್ರೈವರ್, ಹಳೇ ಚಾಪೆ ತನ್ನಿ. ಎಂಜಿನ್ ಬಂದ್ ಇದ್ದಾಗ ಹಿಂದಿನ ದೊಡ್ಡ ಪುಲ್ಲಿ ಹಿಡಿದು ಒಳಗೆ ಹೊರಗೆ ಜಗ್ಗಿ ನೋಡೋಣ. ಟಕ್ ಟಕ್ ಅಂದರೆ ಮೇನ್ ಬೇರಿಂಗ್ ಸವೆದಿದೆ, ಅಲ್ಲಿಂದಲೇ ವಾಪಸ್. ಇನ್ನೊಂದು, ಅವರಿಗೆ ಇವತ್ತೇ ಫೋನ್ ಮಾಡಿ ಹೇಳಿ: ನಾವು ಬರುವ ಮೊದಲು ಕಾರು ಚಾಲೂ ಮಾಡಬೇಡಿ, ರಾತ್ರಿಯಿಂದ ತಣ್ಣಗೇ ಇರಲಿ ಅಂತ.