ಅಪ್‌ಡೇಟ್: ರೆಫರ್ ಮಾಡುವ ಮುಂಚಿನ ಮ್ಯಾಗ್‌ಸಲ್ಫ್ ಲೆಕ್ಕ

ತೀವ್ರ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬರಬಹುದಾದ ಸ್ಥಿತಿ) ಇರುವ ಗರ್ಭಿಣಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ಮ್ಯಾಗ್ನೀಸಿಯಂ ಸಲ್ಫೇಟ್ (ಮ್ಯಾಗ್‌ಸಲ್ಫ್) ಎಷ್ಟು, ಹೇಗೆ ಕೊಡಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಮೊದಲು ರಕ್ತನಾಳಕ್ಕೆ, ನಂತರ ಸ್ನಾಯುವಿಗೆ ಕೊಡುವ ಪ್ರಿಚರ್ಡ್ ವಿಧಾನದ ಲೆಕ್ಕ ಹೀಗಿದೆ.

50% ದ್ರಾವಣದ 2 ಮಿ.ಲೀ. ಆಂಪೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಮೊದಲು ರಕ್ತನಾಳಕ್ಕೆ 4 ಗ್ರಾಂ: 4 ಆಂಪೂಲ್‌ಗೆ 12 ಮಿ.ಲೀ. ಸಲೈನ್ ಸೇರಿಸಿ, 20 ಮಿ.ಲೀ. ಮಾಡಿ, 5 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನವಾಗಿ. ತೆಳು ಮಾಡದೆ ನೇರ ರಕ್ತನಾಳಕ್ಕೆ ಕೊಡುವಂತಿಲ್ಲ, ಉಸಿರೇ ನಿಲ್ಲಬಹುದು. ನಂತರ ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ, ತೆಳು ಮಾಡದೆ, 1 ಮಿ.ಲೀ. 2% ಲಿಗ್ನೊಕೇನ್ (ನೋವು ತಿಳಿಯದಂತೆ ಮರಗಟ್ಟಿಸುವ ಔಷಧ) ಬೆರೆಸಿ, ಸ್ನಾಯುವಿನ ಆಳಕ್ಕೆ.

ಇದು ಫಿಟ್ಸ್ ತಡೆಯುತ್ತದೆ, ಬಿಪಿ ಇಳಿಸುವುದಿಲ್ಲ. 160/110 ಮುಟ್ಟಿದರೆ ಲ್ಯಾಬೆಟಲಾಲ್ ಅಥವಾ ನಿಫೆಡಿಪಿನ್ ಬೇರೆಯಾಗಿಯೇ ಬೇಕು.

4 ಗಂಟೆ ಬಳಿಕ ಕೊಡುವ ಮುಂದಿನ ಡೋಸ್‌ಗೆ ಮುನ್ನ ಮೂರು ನೋಡಲೇಬೇಕು: ಮಂಡಿ ತಟ್ಟಿದರೆ ಕಾಲು ಚಿಮ್ಮಬೇಕು, ಉಸಿರು ನಿಮಿಷಕ್ಕೆ ಕನಿಷ್ಠ 16 ಇರಬೇಕು, ಮೂತ್ರ ಗಂಟೆಗೆ ಕನಿಷ್ಠ 30 ಮಿ.ಲೀ. ಬರಬೇಕು. ಔಷಧ ಹೊರಹೋಗುವುದು ಕಿಡ್ನಿಯಿಂದ. ಮೂತ್ರ ಕಮ್ಮಿಯಾದರೆ ಮೈಯಲ್ಲೇ ಸೇರುತ್ತಾ ಹೋಗುತ್ತದೆ. ಉಸಿರು ಕುಗ್ಗಿದರೆ ಇದರ ಪ್ರತಿಮದ್ದಾದ 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ. ಅದು ಆಂಬುಲೆನ್ಸ್‌ನಲ್ಲೂ ಇರಲಿ.

ರೆಫರಲ್ ಚೀಟಿಯಲ್ಲಿ ಡೋಸ್, ಸಮಯ ಎರಡನ್ನೂ ದಯವಿಟ್ಟು ಬರೆಯಿರಿ. ಈ ಔಷಧ ಮಗುವಿಗೂ ತಲುಪುತ್ತದೆ; ಮಗು ಮೆತ್ತಗೆ, ಉಸಿರು ಕ್ಷೀಣವಾಗಿ ಹುಟ್ಟಿದರೆ ಮಕ್ಕಳ ವೈದ್ಯರು ಮೊದಲು ಕೇಳುವುದು ಅದನ್ನೇ.