ಅಂಗಡಿ ಹೆಸರಿರುವ ಹಳೇ ಸಾಕೆ ಬಾಟಲಿ: ಅಕ್ಷರ ಮುಂದಕ್ಕೋ, ಗೋಡೆ ಕಡೆಗೋ?

ಕೋಬೆ ಕನ್ನಡತಿ: ಕ್ಯೋಟೋದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ನೇ ತಾರೀಕು ಸಂತೆ ನಡೆಯುತ್ತದೆ. ಅಲ್ಲಿ ಒಂದು ಹಳೇ ತೊಕ್ಕುರಿ, ಅಂದರೆ ಸಾಕೆ (ಜಪಾನಿನ ಅಕ್ಕಿ ಮದ್ಯ) ತುಂಬುವ ಮಣ್ಣಿನ ಬಾಟಲಿ ಕೊಂಡೆ. ಬೂದು ಮೈ, ಹೊಟ್ಟೆಯ ಮೇಲೆ ದಪ್ಪ ಕಂದು ಅಕ್ಷರದಲ್ಲಿ ಸಾಕೆ ಅಂಗಡಿಯ ಹೆಸರು. ಅಕ್ಷರ ಗೋಡೆ ಕಡೆ ತಿರುಗಿಸಿ ಇಡಿ, ಆಗ ಚಂದ ಕಾಣುತ್ತದೆ ಎಂದರು ಮಾರಿದವರು. ನೀವೇನಂತೀರಿ?

ಮಣ್ಣುಮೈ: ಅವರು ಹೇಳಿದ್ದು ಸರಿ. 1925ರಲ್ಲಿ ಚಿಂತಕ ಯಾನಗಿ ಸೋಯೆತ್ಸು, ಕುಂಬಾರರಾದ ಹಮದಾ ಶೋಜಿ, ಕವಾಯಿ ಕಾಂಜಿರೋ ಸೇರಿ ‘ಮಿಂಗೇಯಿ’ ಎಂದು ಕರೆದದ್ದು ಜನಸಾಮಾನ್ಯರು ಬಳಸುವ, ಮಾಡಿದವನ ಹೆಸರಿಲ್ಲದ ವಸ್ತುಗಳನ್ನು. ಮಣ್ಣಿನ ಪಾತ್ರೆಗೆ ಹೆಸರಾದ ತಾಂಬಾ ಸೀಮೆಯ ತೊಕ್ಕುರಿ ನೋಡಿ. ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹೆಗಲಿಂದ ಇಳಿದು ಹೊಟ್ಟೆಯ ಹತ್ತಿರ ತಾನಾಗೇ ನಿಂತಿರುತ್ತದೆ. ಅದರ ಮುಂದೆ ಅಂಗಡಿ ಹೆಸರು ಬರೀ ಜಾಹೀರಾತು.

ಹಳೇಪಾತ್ರೆ: ನಾನು ಒಪ್ಪಲ್ಲ. ಹೆಸರು ಹಾಕದೆ ಇದ್ದವನು ಕುಂಬಾರ, ಅಂಗಡಿಯವನಲ್ಲ. ಇದು ಕಯೋಯಿ ತೊಕ್ಕುರಿ. ಎಡೋ ಕಾಲದಿಂದ (1603–1868) 20ನೇ ಶತಮಾನದ ಶುರುವಿನವರೆಗೂ ಅಂಗಡಿಯವರು ಪೀಪಾಯಿಯಿಂದ ಸಾಕೆ ಅಳೆದು, ಇಂಥ ಬಾಟಲಿಗೆ ತುಂಬಿ ಗಿರಾಕಿಗೆ ಕೊಡುತ್ತಿದ್ದರು. ಬಾಟಲಿ ಅಂಗಡಿಯ ಸೊತ್ತು. ಖಾಲಿಯಾದ ಮೇಲೆ ವಾಪಸ್ ಬರಬೇಕು, ಅದಕ್ಕೇ ಹೆಸರು, ಊರು, ಕೆಲವುಗಳ ಮೇಲೆ ನಂಬರ್ ಕೂಡ. ಆಮೇಲೆ 1.8 ಲೀಟರಿನ ಗಾಜಿನ ಬಾಟಲಿ ಬಂತು, ಇವು ಮೂಲೆ ಸೇರಿದವು. ಅಕ್ಷರ ಮುಚ್ಚಿಟ್ಟರೆ ಆ ಬಾಟಲಿ ಮಾಡಿದ ಕೆಲಸವನ್ನೇ ಮುಚ್ಚಿಟ್ಟ ಹಾಗೆ.

ಮಣ್ಣುಮೈ: ಅಂಗಡಿಗೆ ಬೇಕಿತ್ತು, ಸರಿ. ಬೇಕಿದ್ದೆಲ್ಲ ಚಂದ ಇರಲೇಬೇಕಾ?

ಹಳೇಪಾತ್ರೆ: ಇದು ಚಂದವೂ ಇದೆ. ಒಣಗಿದ ಮಣ್ಣು ಬಣ್ಣವನ್ನು ತಕ್ಷಣ ಹೀರುತ್ತದೆ, ತಿದ್ದೋಕೆ ಆಗಲ್ಲ. ಅದೂ ಉಬ್ಬಿದ ಮೈ ಮೇಲೆ ಬರೆಯಬೇಕು. ಕುಂಚ ಎಲ್ಲಿ ಒತ್ತಿತು, ಎಲ್ಲಿ ಬಣ್ಣ ಮುಗಿದು ಗೆರೆ ಒಡೆಯಿತು, ಎಲ್ಲ ಕಾಣುತ್ತದೆ. ಅದೇ ಹೆಸರನ್ನು ಮತ್ತೆ ಮತ್ತೆ ಬರೆದು ಪಳಗಿದ ಕೈ ಅದು. ಯಾನಗಿ ಮೆಚ್ಚಿದ್ದು ಇಂಥ ಕೈಯನ್ನೇ ಅಲ್ವಾ? ನಿಮ್ಮ ತಾಂಬಾದಲ್ಲೂ ಬಿದಿರಿನ ಕೊಳವೆಯಿಂದ ತೆಳು ಮಣ್ಣು ಸುರಿದು ತೊಕ್ಕುರಿ ಮೇಲೆ ಅಕ್ಷರ ಬರೆಯುತ್ತಿದ್ದರು.

ಅಗೆತ: ಇನ್ನೊಂದು ಮಾತು. ಟೋಕಿಯೋದಲ್ಲಿ ಎಡೋ ಕಾಲದ ನೆಲ ಅಗೆದಾಗ ಮಿನೋ ಕಡೆಯ, ಗಿಫು ಪ್ರಾಂತ್ಯದಲ್ಲಿ ಮಾಡಿದ ತೊಕ್ಕುರಿಗಳು ಸಿಗುತ್ತವೆ. ಕೆಲವುಗಳ ಮೇಲೆ ಮೊಳೆಯಿಂದ ಗೀರಿದ ಅಂಗಡಿ ಗುರುತು ಇರುತ್ತದೆ. ಯಾವ ಬಾಟಲಿ ಯಾವ ಅಂಗಡಿಯದ್ದು ಅಂತ ಹುಡುಕೋಕೆ ಅದೇ ದಾರಿ.

ಕೋಬೆ ಕನ್ನಡತಿ: ಅಕ್ಷರ ಆಮೇಲೆ ಬರೆದದ್ದಲ್ಲ ಅಂತ ತಿಳಿಯೋದು ಹೇಗೆ?

ಅಗೆತ: ಬೆರಳಾಡಿಸಿ ನೋಡಿ. ಗ್ಲೇಜಿನ ಕೆಳಗೆ ಬರೆದಿದ್ದರೆ ಮೈ ಒಂದೇ ಸಮ ನುಣುಪಾಗಿರುತ್ತದೆ. ಮೇಲೆ ಪೇಂಟ್ ಬಳಿದಿದ್ದರೆ ಅಂಚು ಬೆರಳಿಗೆ ಸಿಗುತ್ತದೆ.

ಮಣ್ಣುಮೈ: ನನ್ನ ಮನೆಯಲ್ಲಾದರೆ ಈಗಲೂ ತಿರುಗಿಸಿಯೇ ಇಡುತ್ತೇನೆ. ನನಗೆ ಆಕಾರ, ಗ್ಲೇಜ್ ಮುಖ್ಯ. ಆದರೆ ಅಂಗಡಿ ಯಾವ ಊರಿನದು ಅಂತ ಹೇಳದೆ ಮಾರಿದ್ದು ಸರಿಯಲ್ಲ. ಅಕ್ಷರದ ಫೋಟೋ ಹಾಕಿ, ಓದೋಣ.